ಮಂಗಳವಾರದ ಬಿಂದೂರಾಯರು

ಬಿಂದೂರಾಯರು ಬಾಟಲಿ ನೀರು ಕುಡಿಯುವ ಮೊದಲು ಅದನ್ನು ಕಿವಿಯ ಹತ್ತಿರ ಹಿಡಿಯುತ್ತಿದ್ದರು. ಮುಚ್ಚಳ ತಿರುವಿದಾಗ ಉಂಗುರ ಹರಿದ ಸದ್ದು 'ಟಕ್' ಎಂದು ಕೇಳಿಸಿದರೆ ಕುಡಿಯುವುದು; ಕೇಳಿಸದಿದ್ದರೆ ಬಾಟಲಿಯನ್ನು ಅಂಗಡಿಯವನಿಗೆ ನಮಸ್ಕಾರಸಹಿತ ಮರಳಿಸುವುದು. ಹಾನಗಲ್ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಬಸ್ಸು ಒಮ್ಮೆಲೇ ಹಾರ್ನು ಹೊಡೆಯುತ್ತಿದ್ದರೆ ಈ ಪರೀಕ್ಷೆ ನಡೆಯುವಂತಿರಲಿಲ್ಲ. ಆಗ ಅವರು ಬಸ್ಸುಗಳೆಲ್ಲ ಹೊರಡುವ ತನಕ, ಬಾಯಾರಿಕೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿರುತ್ತಿದ್ದರು. ಬಾಳೆಹಣ್ಣಿನ ವಿಷಯದಲ್ಲಿ ಮಾತ್ರ ಅವರಿಗೆ ಸಂಶಯವಿರಲಿಲ್ಲ. "ಅದಕ್ಕ ಸೀಲ್ ಹಾಕಿದಾಂವ ಮ್ಯಾಲಿದ್ದಾನ್ರೀ," ಎನ್ನುತ್ತಿದ್ದರು.

ತೆಳ್ಳಗಿನ, ಎತ್ತರದ ಆಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು ಮತ್ತು ಒಂದು ಟೆಸ್ಟರ್. ಹೆಗಲಿಗೆ ಬಟ್ಟೆಯ ಚೀಲ, ಅದರೊಳಗೆ ಎರಡು ಪೆನ್‌ಡ್ರೈವು, ಒಂದು ದಪ್ಪ ನೋಟ್‌ಬುಕ್ಕು, ಒದ್ದೆ ಅರಿವೆಯಲ್ಲಿ ಸುತ್ತಿದ ಸವಣೂರಿನ ವೀಳ್ಯದೆಲೆ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿಗಳ ನಡುವೆ ನಿಂತು ನಿವೃತ್ತರಾಗಿದ್ದರು. ಇಡೀ ತಾಲೂಕಿನ ಜನ ಒಬ್ಬರೊಡನೊಬ್ಬರು ಮಾತಾಡುವ ಹಾಗೆ ಮಾಡಿದ ಈ ಮನುಷ್ಯನಿಗೆ ಮಾತಾಡಲು ತನ್ನವರೆಂಬವರು ಯಾರೂ ಇರಲಿಲ್ಲ. ಮದುವೆಯಾಗಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅದು ನಮ್ಮಿಬ್ಬರ ನಡುವೆ ಬರೆಯದೆ ಸಹಿ ಮಾಡಿದ ಕರಾರಾಗಿತ್ತು.

ನಿವೃತ್ತಿಯ ನಂತರ ಅವರು ಹಿಡಿದ ಕೆಲಸ ನಮ್ಮ ಸೀಮೆಯಲ್ಲಿ ಅದುವರೆಗೆ ಯಾರೂ ಮಾಡದಿದ್ದದ್ದು. ಇನ್ನಿದು ನಡೆಯದು ಎಂದು ಜನ ಮೂಲೆಗೆ ಸರಿಸಿದ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ ಎಬ್ಬಿಸಿ ಕೂಡಿಸುವುದು, ಮತ್ತು ಎದ್ದು ಕೂತವು ತಿರುಗಿ ಮಲಗದಂತೆ ವಾರಕ್ಕೊಮ್ಮೆ ಹೋಗಿ ನೋಡಿಕೊಳ್ಳುವುದು. ಲಿನಕ್ಸ್ ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆ. ಪುಕ್ಕಟೆಯಾಗಿ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಆದರೆ ಹೆಚ್ಚಿನವರು ಹಾಕಿಕೊಳ್ಳುವುದಿಲ್ಲ. ಪುಕ್ಕಟೆ ಸಿಗುವ ಒಳ್ಳೆಯದರ ಮೇಲೆ ನಮ್ಮ ಜನಕ್ಕೆ ಮೊದಲಿನಿಂದಲೂ ಅನುಮಾನ. ಸೋಮವಾರ ಶಿಗ್ಗಾಂವಿ, ಮಂಗಳವಾರ ಹಾನಗಲ್, ಗುರುವಾರ ತಿಳವಳ್ಳಿಯ ಮೇಲೆ ಹಾದು ಹಿರೇಕೆರೂರು. ಉಳಿದ ದಿನ ಸವಣೂರಿನಲ್ಲಿ ಬಾಡಿಗೆಯ ಒಂದು ಕೋಣೆ. ಹೀಗಿತ್ತು ಅವರ ಸಂಚಾರ. ಪೀಠಾಧಿಪತಿಗಳಿಗೂ ಇಷ್ಟು ಕ್ರಮವಾದ ಸಂಚಾರ ಇರಲಿಕ್ಕಿಲ್ಲ, ಮತ್ತು ಅವರಿಗೆ ಸೀಟು ಸಿಗುತ್ತದೆ.

ನನ್ನದು ಹಾನಗಲ್ಲಿನಲ್ಲಿ ಒಂದು ಸಣ್ಣ ಛಾಪಖಾನೆ. ಅದನ್ನು ಈಗಲೂ ಛಾಪಖಾನೆ ಎನ್ನುವುದು ಹಿರಿಯರ ಮೇಲಿನ ಗೌರವದಿಂದ. ಲಗ್ನಪತ್ರಿಕೆಗಳು ಫೋನಿನಲ್ಲಿ ಹುಟ್ಟಿ, ಫೋನಿನಲ್ಲಿಯೇ ಹತ್ತೂರು ತಿರುಗಿ, ಅಲ್ಲಿಯೇ ಸದ್ಗತಿ ಪಡೆಯುವ ಕಾಲ ಇದು. ನನ್ನ ಪಾಲಿಗೆ ಉಳಿದದ್ದು ಸೊಸೈಟಿಯ ಸಭೆಯ ನೋಟೀಸು ಮತ್ತು ಶಿವಗಣಾರಾಧನೆಯ ಪತ್ರಿಕೆ. ಅಂದರೆ ಸತ್ತವರು ಮಾತ್ರ ನನ್ನ ಕಾಯಂ ಗಿರಾಕಿಗಳು. ಅವರೂ ಒಮ್ಮೆ ಬಂದರೆ ಮತ್ತೆ ಬರುವವರಲ್ಲ. ಹೆಂಡತಿ ನೀಲಮ್ಮ ತೀರಿಕೊಂಡ ಮೇಲೆ ಮನೆಗೂ ಅಂಗಡಿಗೂ ಇದ್ದ ಅಂತರ ಅಳಿದುಹೋಗಿ, ಎರಡೂ ಕಡೆ ಒಂದೇ ಬಗೆಯ ಸದ್ದಿಲ್ಲದಿರುವಿಕೆ ಬಂದು ಕೂತಿತ್ತು.

ರಾಯರು ಮೊದಲ ಸಲ ಬಂದಾಗ ನನ್ನ ಕಂಪ್ಯೂಟರಿನ ಸ್ಥಿತಿ ಹೀಗಿತ್ತು: ಬೆಳಿಗ್ಗೆ ಅದನ್ನು ತೆರೆದರೆ, ನನಗೆ ಲಾಟರಿ ಹತ್ತಿದೆಯೆಂದೂ, ನಾನು ತೂಕ ಇಳಿಸಬೇಕೆಂದೂ, ತನಗೆ ಮುನ್ನೂರು ರೋಗಗಳಿವೆಯೆಂದೂ ಒಂದೇ ಉಸಿರಿಗೆ ಹೇಳುತ್ತಿತ್ತು. ರಾಯರು ಕನ್ನಡಕ ಏರಿಸಿ, ಪರದೆಯ ಮೂಲೆಯಲ್ಲಿ ಕುಣಿಯುತ್ತಿದ್ದ ಒಂದು ಚೌಕವನ್ನು ಬೊಟ್ಟು ಮಾಡಿ ಕೇಳಿದರು.

"ಇದು ಎಲ್ಲಿಂದ ಬಂತು?"

"ಗೊತ್ತಿಲ್ರಿ. ಬ್ಯಾರೆ ಏನೋ ಹಾಕಾಕ ಹೋಗಿದ್ದೆ, ಅದರ ಬೆನ್ನ ಹತ್ತಿ ಬಂತು."

"ಹೋಗು ಅಂದ್ರ ಹೋಗ್ತದೇನು?"

"ಹೋಗಂಗಿಲ್ರಿ."

"ಹಂಗಾರ ಅದು ನಿಮ್ಮ ಮನಿಯಾಗ ಇಲ್ಲ ಸಿದ್ದಣ್ಣಾರ. ಅದರ ಮನಿಯಾಗ ನೀವಿದ್ದೀರಿ."

ಇವೆರಡೇ ಅವರ ಶಾಸ್ತ್ರ. ಎಲ್ಲಿಂದ ಬಂತು, ಹೋಗು ಅಂದರೆ ಹೋಗುತ್ತದೆಯೋ. ಉಳಿದದ್ದೆಲ್ಲ ಭಾಷ್ಯ. ಆ ದಿನವೇ ಅವರು ಇಡೀ ಮಷೀನನ್ನು ತೊಳೆದು ಲಿನಕ್ಸ್ ಹಾಕಿದರು. ಅದರಲ್ಲಿ ನೀಲಮ್ಮ ಟೈಪು ಮಾಡಿಟ್ಟಿದ್ದ ಕಡತಗಳನ್ನು ಮೊದಲೇ ತಮ್ಮ ಪೆನ್‌ಡ್ರೈವಿಗೆ ತೆಗೆದಿಟ್ಟುಕೊಂಡು, "ಇದರ ಒಂದು ಪ್ರತಿ ನನ್ನ ಕಡೆ ಇರಲಿ," ಎಂದರು.

ಬೇಕಾದ ಸಾಮಾನನ್ನೆಲ್ಲ ಲಿನಕ್ಸಿನ ಸ್ವಂತ ಭಂಡಾರದಿಂದಲೇ ತರಿಸಿಕೊಳ್ಳಬೇಕು ಎನ್ನುವುದು ಅವರ ಕಟ್ಟಳೆ. ಆ ಭಂಡಾರಕ್ಕೆ ಇಂಗ್ಲಿಷಿನಲ್ಲಿ ರೆಪೊಸಿಟರಿ ಅನ್ನುತ್ತಾರೆ. ರಾಯರು ಕಣಜ ಅನ್ನುತ್ತಿದ್ದರು. ಅಲ್ಲಿ ಸೇರುವ ಪ್ರತಿಯೊಂದನ್ನೂ ನಾಲ್ಕು ಜನ ನೋಡಿರುತ್ತಾರೆ, ಸಹಿ ಮಾಡಿರುತ್ತಾರೆ. ಬೇಡವಾದರೆ ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸಬಹುದು. ಇದನ್ನು ಅವರು ತಿಳವಳ್ಳಿಯಲ್ಲಿ ಸೊಸೈಟಿಯ ಕಾರ್ಯದರ್ಶಿ ಬಸನಗೌಡರಿಗೆ ತಿಳಿಸಿಕೊಟ್ಟ ದಿನ ಸಭೆಯ ನೋಟೀಸು ಕೊಡಲು ಹೋದ ನಾನೂ ಅಲ್ಲಿದ್ದೆ.

"ಗೌಡ್ರ, ಭತ್ತದ ಬೀಜಾ ಎಲ್ಲಿಂದ ತರ್ತೀರಿ?"

"ಇಲ್ಲಿಂದನ. ಚೀಲಕ್ಕ ಸೀಲ್ ಇರತೈತಿ, ಚೀಟಿ ಇರತೈತಿ."

"ಬಸ್‌ಸ್ಟ್ಯಾಂಡಿನ್ಯಾಗ ಒಬ್ಬಾಂವ ಬಾಯಿ ಬಿಚ್ಚಿದ ಚೀಲಾ ಹಿಡಕೊಂಡು ನಿಂತು, ಇದನ್ನ ಬಿತ್ತರಿ, ಎರಡಪಟ್ಟು ಬೆಳೀತದ, ಪುಕ್ಕಟೆ, ಅಂದ್ರ?"

"ಅವನ್ನ ಹೊಲದ ಬದುವಿಗೂ ಹಾಯಾಕ ಕೊಡಂಗಿಲ್ಲ."

"ಕಂಪ್ಯೂಟರಿನ್ಯಾಗ ನೀವು ದಿನಾ ಬಿತ್ತೋದು ಅವನ ಚೀಲದ್ದಽ ಅಲ್ಲೇನ್ರಿ?"

ಗೌಡರು ಸೋಲುವವರಲ್ಲ. "ರಾಯರ, ನೀವು ಹೊಲ ಮಾಡಲಿಲ್ಲ, ಮನಿ ಮಾಡಲಿಲ್ಲ, ಬೀಜದ ಸುದ್ದಿ ಮಾತ್ರ ನಮಗ ಹೇಳ್ತೀರಿ ನೋಡ್ರಿ," ಎಂದರು. ಸುತ್ತ ಕೂತವರು ನಕ್ಕರು. ರಾಯರೂ ನಕ್ಕರು. "ಅದಕ್ಕಽ ನನಗ ಹೇಳಲಿಕ್ಕೆ ವ್ಯಾಳ್ಯಾ ಅದರೀ," ಎಂದು ಚೀಲ ಎತ್ತಿಕೊಂಡು ಹಿರೇಕೆರೂರಿನ ಬಸ್ಸಿಗೆ ನಡೆದರು. ಅವರ ನಗು ಅಂಗಳ ದಾಟುವ ತನಕ ಮುಖದ ಮೇಲಿತ್ತು. ಆಮೇಲೆ ಇರಲಿಲ್ಲವೆಂದು ಕಾಣುತ್ತದೆ. ಬೆನ್ನು ಮಾತ್ರ ಕಾಣುತ್ತಿದ್ದುದರಿಂದ ಖಾತ್ರಿ ಹೇಳಲಾರೆ.

ಅವರು ಬರಿಯ ಹಟಮಾರಿ ಎಂದು ತಿಳಿಯಬಾರದು. ಕಣಜದಲ್ಲಿ ಇಲ್ಲದ್ದು ಬೇಕೇ ಬೇಕು ಎಂದರೆ ಅವರಲ್ಲಿ ಅದಕ್ಕೂ ದಾರಿಯಿತ್ತು. ಶಿಗ್ಗಾಂವಿಯ ಒಂದು ವಾಚನಾಲಯದಲ್ಲಿ ಅಲ್ಲಿನ ವ್ಯವಸ್ಥಾಪಕರು ಎಲ್ಲಿಂದಲೋ ತಂದ ಒಂದು ಪ್ರೋಗ್ರಾಮನ್ನು ಹಾಕಲೇಬೇಕೆಂದು ಕೂತರು. ರಾಯರು ಬೇಡವೆಂದರು. "ಏನ್ರೀ ರಾಯರ, ಕಂಪ್ಯೂಟರಿಗೂ ಜನಿವಾರ ಹಾಕಿ ಮಡೀಲೆ ಕೂಡಿಸೀರೇನು?" ಎಂದು ವ್ಯವಸ್ಥಾಪಕರು ಕೆಣಕಿದರು.

"ಜನಿವಾರ ಇಲ್ರೀ, ಬಾಗಲಾ ಅದ. ಬಾಗಲಾ ಇದ್ದಮ್ಯಾಲೆ ಬಂದವ್ರು ಯಾರು ಅಂತ ಕೇಳಬೇಕಲ್ಲ."

ಕೊನೆಗೆ ರಾಯರು ಆ ಪ್ರೋಗ್ರಾಮು ಮಾಡಿದವರ ಸ್ವಂತ ತಾಣ ಹುಡುಕಿ, ಅಲ್ಲಿಂದ ನೇರವಾಗಿ ತರಿಸಿ, ಅದನ್ನು ಉಳಿದ ಕಡತಗಳಿಗೆ ಕೈ ಹಾಕಲಾಗದಂಥ ಬೇರೆ ಗೂಡಿನೊಳಗೆ ಇರಿಸಿ ನಡೆಸಿದರು. "ಗುರ್ತ ಇಲ್ಲದ ಮಂದಿ ಬಂದ್ರ ಪಡಸಾಲಿಯೊಳಗ ಕೂಡಸ್ರಿ, ಚಹಾ ಕೊಡ್ರಿ. ಅಡಗಿಮನಿತನಕ ಯಾಕ ಬಿಡ್ತೀರಿ?" ಎಂದು ಅದರ ತಾತ್ಪರ್ಯ. ಅವರು ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದುದು ಒಂದೇ ಒಂದಕ್ಕೆ: ಇಂಟರ್‌ನೆಟ್ಟಿನ ಯಾವುದೋ ಪುಟದಲ್ಲಿ ಕಂಡ ಒಂದು ಆಜ್ಞೆಯ ಸಾಲನ್ನು ಎತ್ತಿ ತಂದು, ಕಂಪ್ಯೂಟರಿಗೆ ಆಜ್ಞೆ ಬರೆದು ಕೊಡುವ ಕಪ್ಪು ಪರದೆಗೆ ಅಂಟಿಸಿ, ಯಜಮಾನನ ಪಾಸ್‌ವರ್ಡು ಕೊಟ್ಟು ಒತ್ತಿಬಿಡುವ ಜನಕ್ಕೆ. "ಹಾದ್ಯಾಗ ಹೊಂಟಾಂವನ್ನ ಕರದು ಮನಿ ಕೀಲಿ ಕೊಟ್ಟು, ಒಳಗ ಏನ ಮಾಡ್ತೀಯೋ ಮಾಡಪಾ, ನಾ ಹೊರಗ ನಿಂತಿರ್ತೇನಿ ಅಂದಂಗ," ಎನ್ನುವಾಗ ಅವರ ದನಿ ತಗ್ಗುತ್ತಿತ್ತು.

ಇನ್ನು ನಮ್ಮ ಮಂಗಳವಾರದ ಓದು. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ದೊಡ್ಡ ಕಡತ ದಾರಿಯಲ್ಲಿ ಯಾರ ಕೈವಾಡಕ್ಕೂ ಸಿಗದೆ ಬಂದಿದೆಯೋ ಎಂದು ತಿಳಿಯಲು ಒಂದು ಉಪಾಯವಿದೆ. ಮಾಡಿದವರು ಅದಕ್ಕೆಂದು ಅರವತ್ನಾಲ್ಕು ಅಕ್ಷರ-ಅಂಕಿಗಳ ಒಂದು ಉದ್ದ ಸಾಲು ಪ್ರಕಟಿಸಿರುತ್ತಾರೆ. ನಮ್ಮ ಕೈಗೆ ಬಂದ ಕಡತದಿಂದಲೂ ಅಂಥದೇ ಸಾಲು ತೆಗೆದು ಎರಡನ್ನೂ ತಾಳೆ ನೋಡಬೇಕು. ಒಂದು ಅಕ್ಷರ ಬೇರೆಯಾದರೂ ಕಡತವನ್ನು ಬಿಸಾಡಬೇಕು. ಛಾಪಖಾನೆಯವರಿಗೆ ಇದು ಹೊಸದಲ್ಲ. ಪ್ರೂಫ್ ನೋಡುವ ನಮ್ಮ ಹಳೆಯ ಪದ್ಧತಿಯಲ್ಲಿ ಒಬ್ಬ ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ಅಚ್ಚಾದದ್ದರ ಮೇಲೆ ಬೆರಳಿಟ್ಟುಕೊಂಡು ಹೋಗುತ್ತಾನೆ. ಹಾಗೆಯೇ ನಾವು ಕೂತೆವು. ರಾಯರು ಪರದೆಯಿಂದ ಓದುವುದು: "ಎಫ್. ಮೂರು. ಎ. ಎ. ಒಂಬತ್ತು." ನಾನು ಕಾಗದದ ಮೇಲೆ ಬೆರಳು ಸರಿಸುತ್ತ, "ಹೂಂ. ಹೂಂ. ಹೂಂ." ಕೊನೆಯ ಅಕ್ಷರ ಮುಟ್ಟಿದಾಗ ಅವರು "ತಾಳಿ ಆತು" ಎಂದು ಪಾರಾಯಣ ಮುಗಿಸಿದವರಂತೆ ಕೈ ಮುಗಿಯುತ್ತಿದ್ದರು. ಹೊರಗೆ ನಿಂತು ಕೇಳಿದವರಿಗೆ ಇಬ್ಬರು ಮುದುಕರಿಗೆ ಏನೋ ಹಿಡಿದಿದೆ ಎನ್ನಿಸುತ್ತಿದ್ದಿರಬೇಕು.

ಒಂದು ದಿನ ನೋಟೀಸು ಮಾಡಿಸಲು ಬಂದ ಕಾಲೇಜು ಮಾಸ್ತರರೊಬ್ಬರು ಇದನ್ನು ಕೇಳಿಸಿಕೊಂಡು, ರಾಯರು ಚಹಾಕ್ಕೆ ಹೊರಗೆ ಹೋದಾಗ ನನ್ನನ್ನು ಪಕ್ಕಕ್ಕೆ ಕರೆದು, "ಸಿದ್ದಣ್ಣಾರ, ಇದನ್ನ ಮಷೀನು ತಾನ ಮಾಡತೈತ್ರಿ. ಕಣ್ಣು ಪಿಳುಕಿಸೂದ್ರಾಗ," ಎಂದರು. ರಾಯರು ಮರಳಿದ ಮೇಲೆ ನಾನು ಕೇಳಿದೆ: "ಇದನ್ನ ಮಷೀನ ನೋಡತೈತಂತಲ್ರೀ?"

ರಾಯರು ಚೀಲದಲ್ಲಿ ಏನನ್ನೋ ಹುಡುಕುತ್ತ ಹೇಳಿದರು: "ನೋಡ್ತದ. ಗೊತ್ತದ." ವೀಳ್ಯದೆಲೆಯ ಗಂಟು ಹೊರತೆಗೆದು, "ಮಂಗಳವಾರ ಭಾಳ ಉದ್ದ ಇರ್ತದ ಸಿದ್ದಣ್ಣಾರ," ಎಂದರು.

ಮುಂದಿನ ಮಂಗಳವಾರ ನಾವು ಮತ್ತೆ ಓದಿದೆವು. ಐದು ವರ್ಷ ಓದಿದೆವು. ನೀಲಮ್ಮ ಹೋದ ಮೇಲೆ ಆ ಅಂಗಡಿಯಲ್ಲಿ ಒಬ್ಬರು ಹೇಳಿ ಒಬ್ಬರು ಹೂಂಗುಟ್ಟುವ ಸದ್ದು ಕೇಳಿದ್ದು ಅದೊಂದೇ ದಿನ, ಅದೊಂದೇ ಹೊತ್ತು.

ನೀಲಮ್ಮ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಅಕ್ಕೋರಾಗಿದ್ದಳು. ವರ್ಗವಾದ ಹಳ್ಳಿಗಳಲ್ಲೆಲ್ಲ ಅವಳು ಹಳೆಯ ಭತ್ತದ ಹೆಸರುಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದಳು. ದೊಡ್ಡಿಗ್ಯಾ, ಅಂತರಸಾಲಿ, ಹಕ್ಕಲಸಾಲಿ, ಕರಿಗಜಿವಿಲಿ. ಯಾವುದರ ಅವಲಕ್ಕಿ ಚಲೋ, ಯಾವುದರ ಗಂಜಿ ಬಾಣಂತಿಗೆ, ಯಾವುದು ಕೆರೆಯ ಹಿಂದಿನ ಜವುಳು ಹೊಲಕ್ಕೂ ಒಗ್ಗುತ್ತದೆ, ಇದನ್ನೆಲ್ಲ ಹೇಳಿದವರ ಹೆಸರಿನ ಸಮೇತ. ನಿವೃತ್ತಿಯ ಮೇಲೆ ಅಂಗಡಿಯ ಮೂಲೆಯಲ್ಲಿ ಕೂತು ಎಲ್ಲವನ್ನೂ ತಾನೇ ಟೈಪು ಮಾಡಿದಳು. ಪುಸ್ತಕ ಮಾಡೋಣವೆಂದು ನಾನು ಹೇಳುತ್ತಲೇ ಇದ್ದೆ. ಛಾಪಖಾನೆಯವನ ಹೆಂಡತಿಯ ಪುಸ್ತಕಕ್ಕೆ ಯಾವಾಗಲೂ ಎಲ್ಲರದೂ ಆದ ಮೇಲೆ ಪಾಳಿ ಬರುತ್ತದೆ. ಅವಳ ಪಾಳಿ ಬರುವ ಮೊದಲೇ ಅವಳು ಎದ್ದು ನಡೆದಳು.

ಅವಳು ಟೈಪು ಮಾಡಿದ್ದು ಹಳೆಯ ಕಾಲದ ಒಂದು ಅಕ್ಷರಶೈಲಿಯಲ್ಲಿ. ರಾಯರು ಬರತೊಡಗಿದ ಐದನೆಯ ವರ್ಷ ಪುಸ್ತಕಕ್ಕೆ ಮನಸ್ಸು ಮಾಡಿ, ಹೊಸ ವ್ಯವಸ್ಥೆಯಲ್ಲಿ ಆ ಕಡತ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಡಾಲರ್ ಗುರುತು, ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ. ಇದನ್ನು ಇಂದಿನ ಕನ್ನಡಕ್ಕೆ ತಿರುಗಿಸುವ ಸಾಧನ ಬೇಕಿತ್ತು. ರಾಯರು ಕಣಜದಲ್ಲಿ ಹುಡುಕಿದರು. ಅವಳ ಅಕ್ಷರಕ್ಕೆ ಹೊಂದುವಂಥದು ಇರಲಿಲ್ಲ. "ತಡೀರಿ. ಏನರೆ ದಾರಿ ಹುಡುಕತೇನಿ," ಎಂದರು. ಒಂದು ತಿಂಗಳಾಯಿತು, ಎರಡಾಯಿತು. ಅವಳು ಕಲಿಸಿದ ಶಾಲೆಯವರು ವಾರ್ಷಿಕ ಸಮಾರಂಭದ ದಿನ ಪುಸ್ತಕ ಹೊರತರೋಣ ಎಂದು ದಿನ ಗೊತ್ತು ಮಾಡಿದರು. ನಾನು ದಿನಾ ಬೆಳಿಗ್ಗೆ ಕಡತ ತೆರೆದು ಆ ಡಾಲರ್ ಗುರುತುಗಳ ನಡುವೆ ಹೆಂಡತಿಯನ್ನು ಹುಡುಕುತ್ತಿದ್ದೆ.

ಒಂದು ಗುರುವಾರ ಮಧ್ಯಾಹ್ನ ಒಂದು ತಾಣದಲ್ಲಿ ಅದು ಸಿಕ್ಕಿತು. 'ಎಲ್ಲಾ ಹಳೆಯ ಕನ್ನಡ ಅಕ್ಷರಗಳನ್ನೂ ಕ್ಷಣದಲ್ಲಿ ಬದಲಿಸಿ. ಈ ಸಾಲನ್ನು ಅಂಟಿಸಿ, ಪಾಸ್‌ವರ್ಡ್ ಕೊಡಿ.' ರಾಯರು ಆ ಹೊತ್ತಿಗೆ ಹಿರೇಕೆರೂರಿನಲ್ಲಿದ್ದರು. ನಾನು ವಿಚಾರ ಮಾಡದೆ ಒತ್ತಿದೆ ಎಂದು ಯಾರೂ ಆಪಾದಿಸಬಾರದು. ನಾಲ್ವತ್ತು ವರ್ಷ ಪ್ರೂಫ್ ನೋಡಿದವನು ನಾನು. ಆ ಸಾಲನ್ನು ಕಾಗದದ ಮೇಲೆ ಅಚ್ಚು ಹಾಕಿ, ಕೆಂಪು ಪೆನ್ನು ಹಿಡಿದು, ಎಡದಿಂದ ಬಲಕ್ಕೆ ಎರಡು ಸಲ, ಬಲದಿಂದ ಎಡಕ್ಕೆ ಒಂದು ಸಲ ತಿದ್ದಲು ಕೂತೆ. ಒಂದೂ ತಪ್ಪು ಇರಲಿಲ್ಲ. ಆವರಣ ಚಿಹ್ನೆಗಳು ಕೂಡ ತೆರೆದಲ್ಲೆಲ್ಲ ಮುಚ್ಚಿದ್ದವು. ಅದು ಏನು ಮಾಡುತ್ತದೆ ಎಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ಪ್ರೂಫ್ ನೋಡುವವನಿಗೆ ಅದು ತಿಳಿಯಬೇಕೆಂಬ ನಿಯಮವೂ ಇಲ್ಲ. ಪಾಸ್‌ವರ್ಡು ಕೊಟ್ಟೆ. ಒತ್ತಿದೆ.

ಕನ್ನಡ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮಷೀನಿನ ಫ್ಯಾನು ಹಿಟ್ಟಿನ ಗಿರಣಿಯಂತೆ ತಿರುಗತೊಡಗಿತು. ಬಂದ್ ಮಾಡಿ ಚಾಲೂ ಮಾಡಿದರೂ ಅದೇ. ನನ್ನ ಮಷೀನಿನೊಳಗೆ ಯಾರೋ ಹೊಕ್ಕು ತಮ್ಮ ಹಿಟ್ಟು ಬೀಸಿಕೊಳ್ಳುತ್ತಿದ್ದರು.

ಮಂಗಳವಾರ ರಾಯರು ಹೊಸ್ತಿಲ ಮೇಲೆಯೇ ನಿಂತರು. ಕಿವಿಗೊಟ್ಟರು. "ಏನಿದು ಸದ್ದು?" ಎಂದರು. ಒಳಗೆ ಬಂದು, ಕೂತು, ಕಪ್ಪು ಪರದೆ ತೆರೆದು ನೋಡಿದರು. ಹೆಸರಿಲ್ಲದ ಯಾವುದೋ ಕೆಲಸ ಒಳಗೆ ಓಡುತ್ತಿತ್ತು.

"ಸಿದ್ದಣ್ಣಾರ, ಹೊರಗಿನದು ಏನರೆ ಹಾಕೀರೇನು?"

ನಾನು ಹೌದು ಎನ್ನಬಹುದಿತ್ತು. ಆದರೆ ನಾಲ್ಕೂ ತಾಲೂಕಿನಲ್ಲಿ ರಾಯರು ಜನರಿಗೆ ಹೇಳುತ್ತಿದ್ದ ಮಾತು ನನಗೆ ಗೊತ್ತಿತ್ತು: "ಹಾನಗಲ್ಲಿನ ಸಿದ್ದಣ್ಣಾರನ್ನ ನೋಡ್ರಿ. ಐದು ವರ್ಷಾತು, ಒಂದು ಹೊರಗಿನ ಸಾಮಾನು ಒಳಗ ಬಿಟ್ಟಿಲ್ಲ." ನನ್ನ ಜೀವನದಲ್ಲಿ ಯಾರೂ ನನ್ನನ್ನು ಯಾವುದಕ್ಕೂ ಮಾದರಿಯಾಗಿ ತೋರಿಸಿದವರಲ್ಲ. ಆ ಪದವಿ ಬಿಡಲು ಮನಸ್ಸಾಗಲಿಲ್ಲ.

"ಛೆ ಛೆ. ಇಲ್ಲಲ್ರೀ," ಎಂದೆ.

ಅವರು ಎರಡನೆಯ ಸಲ ಕೇಳಲಿಲ್ಲ. ನೋಟ್‌ಬುಕ್ಕು ತೆಗೆದು, ಹೋದ ಮಂಗಳವಾರ ತಾವು ಏನೇನು ಹಾಕಿದ್ದರೋ ಅದರ ಒಂದೊಂದು ಸಾಲಿನ ಮೇಲೂ ಬೆರಳಿಟ್ಟುಕೊಂಡು ಹೋದರು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಬಾಳೆಹಣ್ಣು ಹಾಗೆಯೇ ಉಳಿದಿತ್ತು. ಸಂಜೆಯ ಹೊತ್ತಿಗೆ ಮಷೀನನ್ನು ಪೂರ್ತಿ ತೊಳೆದು ಮೊದಲಿನಿಂದ ಹಾಕಿದರು. ಫ್ಯಾನಿನ ಸದ್ದು ನಿಂತಿತು. ಅಂದು ನಾವು ಅಕ್ಷರ ಓದಲಿಲ್ಲ.

ಬಸ್ಸಿನ ವೇಳೆಗೆ ಚೀಲ ಹೆಗಲಿಗೇರಿಸುತ್ತ ಅವರು, "ನಂದೇ ಏನೋ ತಪ್ಪಿರಬೇಕ್ರೀ," ಎಂದರು. "ಎಲ್ಲೋ ಒಂದು ಕಡೆ ನೋಡದಽ ಹಾಕೇನಿ. ಎಲ್ಲಿ ಅಂತ ತಿಳೀವಲ್ದು."

ಆಗಲಾದರೂ ಹೇಳಬಹುದಿತ್ತು. ನಾನು "ಹೋಗ್ಲಿ ಬಿಡ್ರಿ, ಯಾರಿಗಿಲ್ಲ ತಪ್ಪು," ಎಂದೆ. ಸುಳ್ಳಿನ ಮೇಲೆ ಔದಾರ್ಯ. ನನ್ನ ಛಾಪಖಾನೆಯಲ್ಲಿ ಇದಕ್ಕಿಂತ ಕೆಟ್ಟ ವಾಕ್ಯ ಇನ್ನೊಂದು ಹುಟ್ಟಿಲ್ಲ.

ಮುಂದಿನ ಮಂಗಳವಾರ ಅವರು ಬರಲಿಲ್ಲ. ಅದರ ಮುಂದಿನದೂ ಖಾಲಿ. ಫೋನು ಎತ್ತಲಿಲ್ಲ. ಮೂರನೆಯ ವಾರ ತಿಳವಳ್ಳಿಯಿಂದ ಬಸನಗೌಡರ ಫೋನು ಬಂತು.

"ಸಿದ್ದಣ್ಣಾ, ನಿಮ್ಮ ರಾಯರು ಇನ್ನ ಬರಂಗಿಲ್ಲಂತಲ್ಲೋ! ಶಿಗ್ಗಾಂವಿ, ಹಿರೇಕೆರೂರು, ಎಲ್ಲಾ ಕಡೆ ಬಿಟ್ಟಾರಂತ."

"ಯಾಕಂತ್ರಿ?"

"ಕೈಮ್ಯಾಲಿನ ನಂಬಿಗಿ ಹೋಗೇತಂತ. ಗೌಡ್ರ, ನನ್ನ ಕೈಲೆ ಒಂದು ಮಷೀನ್ ಕೆಟ್ಟೇತಿ, ಇನ್ನ ಮಂದಿ ಮಷೀನ್ ಮುಟ್ಟೂದು ಸರಿ ಅಲ್ಲ ಅಂದ್ರು. ವಯಸ್ಸಾತಂತ. ನಾ ಬೈದೆ, ಏನ್ರೀ ಇದು ಹುಡುಗಾಟ ಅಂತ. ಚೀಲಾ ಎತ್ತಿಕೊಂಡು ಹೊಂಟಬಿಟ್ರು." ಗೌಡರ ದನಿಯಲ್ಲಿ ಕೆಣಕುವ ದಾಟಿ ಇರಲಿಲ್ಲ. "ಆ ಮನುಷ್ಯಾಗ ಇದ್ದದ್ದ ಅದೊಂದ ನೋಡು."

ಮರುದಿನ ನಾನು ಸವಣೂರಿಗೆ ಹೋದೆ. ಐದು ವರ್ಷದಲ್ಲಿ ಅದು ಅವರ ಕೋಣೆಗೆ ನನ್ನ ಮೊದಲ ಭೇಟಿ. ಬರುವುದು ಅವರ ಕೆಲಸ, ಇರುವುದು ನನ್ನ ಕೆಲಸ ಎಂದು ತಿಳಿದಿದ್ದೆ. ಮೆಟ್ಟಿಲು ಹತ್ತಿ ಮೇಲೆ ಹೋದರೆ ಒಂದು ಮಂಚ, ಒಂದು ಮೇಜು, ಒಂದೇ ಒಂದು ಕುರ್ಚಿ. ಎರಡನೆಯದರ ಅಗತ್ಯ ಆ ಕೋಣೆಗೆ ಎಂದೂ ಬಿದ್ದಂತಿರಲಿಲ್ಲ. ಮೇಜಿನ ಮೇಲೆ ಐದು ವರ್ಷದ ನೋಟ್‌ಬುಕ್ಕುಗಳನ್ನೆಲ್ಲ ಬಿಚ್ಚಿಟ್ಟಿದ್ದರು. ಪುಟಪುಟದಲ್ಲೂ ಪೆನ್ಸಿಲ್ಲಿನ ಗುರುತು. ಅವರು ತಮ್ಮ ತಪ್ಪು ಹುಡುಕುತ್ತಿದ್ದರು.

ನನಗೆ ಕುರ್ಚಿ ಕೊಟ್ಟು ತಾವು ಮಂಚದ ಮೇಲೆ ಕೂತರು. ಚಹಾ ಮಾಡಿಕೊಟ್ಟರು.

"ರಾಯರ, ಆ ಹೊರಗಿನದು ನಾನ ಹಾಕಿದ್ದು," ಎಂದೆ. "ನೀಲಮ್ಮನ ಕಡತ ತೆರೀಬೇಕಂತ ಒಂದು ಸಾಲು ತಂದು ಅಂಟಿಸಿದ್ದೆ. ನೀವು ಕೇಳಿದಾಗ ಇಲ್ಲಂತ ಸುಳ್ಳ ಹೇಳಿದೆ."

ಅವರು ಮೇಜಿನಿಂದ ಒಂದು ನೋಟ್‌ಬುಕ್ಕನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಕೇಳಿದರು:

"ಯಾವತ್ತು?"

"ಗುರುವಾರ."

"ಗುರುವಾರ ನಾ ಹಿರೇಕೆರೂರಾಗಿದ್ದೆ."

"ಹೌದ್ರಿ."

"ಹಂಗಾರ ಮಂಗಳವಾರ ನಾ ಹಾಕಿದ್ದು ಸರಿ ಇತ್ತು?"

"ಎಲ್ಲಾ ಸರಿ ಇತ್ರಿ."

ಅವರು ತಮ್ಮ ಎರಡೂ ಕೈಗಳನ್ನು ಮುಂದೆ ಹಿಡಿದು, ಅಂಗೈ ನೋಡಿ, ತಿರುವಿ ಮುಂಗೈ ನೋಡಿದರು. ಕಳೆದುಹೋದ ಸಾಮಾನು ಸಿಕ್ಕಾಗ ಎಲ್ಲಾ ಇದೆಯೋ ಎಂದು ನೋಡಿಕೊಳ್ಳುವ ಹಾಗೆ. ಆಮೇಲೆ ನಕ್ಕರು. ಅಂಥ ನಗುವನ್ನು ನಾನು ಅವರ ಮುಖದಲ್ಲಿ ಕಂಡಿರಲಿಲ್ಲ. ಸಿಟ್ಟು ಬರಲೆಂದು ನಾನು ಕಾಯುತ್ತಿದ್ದೆ, ಅದು ಬರಲಿಲ್ಲ. ಅದು ಬರದಿದ್ದಾಗ ನನಗೆ ಧೈರ್ಯ ಬಂದು, ಕೇಳಬಾರದ್ದನ್ನು ಕೇಳಿದೆ.

"ಮಷೀನಿನ್ಯಾಗ ನಾವು ಬರದ ಒಂದೊಂದು ಸಾಲೂ ಉಳದಿರತೈತಿ ಅಂತ ನೀವ ಕಲಿಸಿದ್ರಿ. ತೊಳಿಯೂಕಿಂತ ಮೊದಲ ಅದನ್ನೊಮ್ಮೆ ನೋಡಿದ್ರ ಸಾಕಿತ್ತಲ್ರೀ. ನನ್ನ ಸಾಲು ಅಲ್ಲೇ ಇತ್ತು."

ರಾಯರು ಸೋಜಿಗದಿಂದ ನನ್ನ ಕಡೆ ನೋಡಿದರು.

"ನೀವು ಇಲ್ಲ ಅಂದಿದ್ರಲ್ಲ," ಎಂದರು. "ಮತ್ತ ಅದರಾಗ ನೋಡೂದೇನದ?"

ಚುಚ್ಚುಮಾತಲ್ಲ. ಬಸ್ಸು ಎಷ್ಟು ಗಂಟೆಗೆ ಎಂದು ತಿಳಿಸುವಷ್ಟು ಸರಳವಾಗಿ ಹೇಳಿದರು. ನಾನು ಬಟ್ಟಲಲ್ಲಿ ಉಳಿದ ಚಹಾ ನೋಡುತ್ತ ಕೂತೆ.

ಹೊರಡುವಾಗ ಅವರು ಒಂದು ಪೆನ್‌ಡ್ರೈವು ಕೊಟ್ಟರು. "ನೀಲಮ್ಮನವರದು. ಸಾಧನಾ ಎಲ್ಲೂ ಸಿಗಲಿಲ್ಲ. ಯಾವ ಗುರ್ತಿಗೆ ಯಾವ ಅಕ್ಷರ ಅಂತ ಒಂದು ಪಟ್ಟಿ ಮಾಡಿ ನಾನ ತಿರುವೇನಿ. ಒತ್ತಕ್ಷರ ಅಲ್ಲಲ್ಲಿ ಜಾರ್ಯಾವ, ಪ್ರೂಫ್ ನೀವು ನೋಡ್ಕೋರಿ." ಮೂರು ವಾರ ತಮ್ಮ ತಪ್ಪು ಹುಡುಕುವುದರ ನಡುವೆ ಅವರು ಮಾಡಿದ ಕೆಲಸ ಅದು. ಆಮೇಲೆ ಒಂದು ಹಾಳೆ ಹರಿದು, ಮಂಚದ ಮೇಲೆ ಕೂತೇ ನಾಲ್ಕು ಸಾಲು ಬರೆದರು: ವಾರಕ್ಕೊಮ್ಮೆ ಕಣಜದಿಂದ ಹೊಸದನ್ನು ಹೇಗೆ ತರಿಸಬೇಕು, ಬೇಡವಾದದ್ದನ್ನು ಹೇಗೆ ತೆಗೆಯಬೇಕು, ಕಡತ ತಾಳೆಯಾಗಿದೆಯೋ ಎಂದು ಮಷೀನಿಗೇ ಹೇಗೆ ಕೇಳಬೇಕು.

"ಇಷ್ಟ ಮಾಡಿದ್ರ ಸಾಕು. ಯಾರೂ ಬರೂ ಕಾರಣ ಇಲ್ಲ," ಎಂದು ಪೆನ್ನಿನ ಟೊಪ್ಪಿಗೆ ಹಾಕಿದರು.

"ನೀವು ಬರ್ತೀರಲ್ರೀ?"

ಅವರು ಹಾಳೆ ಮಡಚಿ ನನ್ನ ಜೇಬಿಗೆ ಇಟ್ಟರು. "ನೀವು ಕಲ್ತೀರಿ ಈಗ," ಎಂದರು.

ಮುಂದಿನ ಸೋಮವಾರ ಅವರು ಶಿಗ್ಗಾಂವಿಗೆ ಹೋದರು. ಗುರುವಾರ ತಿಳವಳ್ಳಿಗೆ ಬಂದರೆಂದು ಬಸನಗೌಡರು ತಾವಾಗಿ ಫೋನು ಮಾಡಿ ಹೇಳಿದರು: "ಹತ್ತ ವರ್ಷ ಸಣ್ಣಾವ್ರ ಆಗ್ಯಾರೋ! ನೀ ಏನ ಔಷಧ ಕೊಟ್ಟಿ?" ಮಂಗಳವಾರ ಅಂಗಡಿಯ ಬಾಗಿಲು ತೆರೆದು ಕೂತೆ. ಯಾರೂ ಬರಲಿಲ್ಲ. ಹಾಳೆಯಲ್ಲಿ ಇದ್ದಂತೆ ನಾಲ್ಕು ಸಾಲು ಟೈಪು ಮಾಡಿದೆ. ಕಣ್ಣು ಪಿಳುಕಿಸುವುದರಲ್ಲಿ ಮುಗಿಯಿತು. ಉಳಿದ ಮಂಗಳವಾರ ಹಾಗೆಯೇ ಇತ್ತು.

ನೀಲಮ್ಮನ ಪುಸ್ತಕ ಬಂತು. ಒಂದು ಪ್ರತಿ ಸವಣೂರಿಗೆ ಅಂಚೆಯಲ್ಲಿ ಕಳಿಸಿದೆ. ಮರಳಿ ಒಂದು ಕಾರ್ಡು ಬಂತು: ನಾಲ್ವತ್ತೊಂದನೆಯ ಪುಟದಲ್ಲಿ ಒಂದು ಒತ್ತಕ್ಷರ ತಪ್ಪಿದೆ, ಉಳಿದದ್ದು ಉತ್ತಮ.

ಹೋದ ತಿಂಗಳು ಒಂದು ಗುರುವಾರ, ಅಂಚೆ ಹಾಕುವ ನೆಪ ಮಾಡಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ಹಿರೇಕೆರೂರಿನ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ರಾಯರು, ತೊಡೆಯ ಮೇಲೆ ಚೀಲ. ನನ್ನನ್ನು ಕಂಡು ಗಾಜು ಸರಿಸಿದರು.

"ಮಷೀನ್ ಹೆಂಗದ?"

"ಚಲೋ ಐತ್ರಿ."

"ಚಲೋ ಆತು," ಎಂದರು.

ಇನ್ನೇನು ಹೇಳಬೇಕೆಂದು ನಾನು ಹುಡುಕುತ್ತಿರುವಾಗ ಕಂಡಕ್ಟರು ಶಿಳ್ಳೆ ಹಾಕಿದ. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದೆ. ಕೆಟ್ಟೈತ್ರಿ ಎಂದಿದ್ದರೆ ಅವರು ಚೀಲ ಎತ್ತಿಕೊಂಡು ಇಳಿಯುತ್ತಿದ್ದರೇನೋ. ಇಳಿಯುತ್ತಿದ್ದರು, ನನಗೆ ಗೊತ್ತಿದೆ. ಆದರೆ ಆ ಮನುಷ್ಯನಿಗೆ ನಾನು ಒಂದು ಸುಳ್ಳು ಹೇಳಿಯಾಗಿತ್ತು.

ಮಷೀನು ಇಂದಿಗೂ ಚಲೋ ಐತಿ.